ಲೀಗ್ ಗಾಲ್ಫ್‌ನಲ್ಲಿ ಕೈ ನಡುಗುತ್ತದೆ, ಈ ಸೀಸನ್‌ಗೆ ಯಾವ ಗುರಿ ಇಟ್ಟುಕೊಳ್ಳಲಿ?

ಬುಧವಾರದ ಆಟಗಾರ

ಎಲ್ಲರಿಗೂ ನಮಸ್ಕಾರ. ನಾನು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಊರಿನಲ್ಲಿದ್ದೇನೆ. ಆಫೀಸಿನವರೆಲ್ಲ ಸೇರಿ ಪ್ರತಿ ಬುಧವಾರ ಸಂಜೆ 5:30ಕ್ಕೆ ಒಂಬತ್ತು ಹೋಲ್‌ಗಳ ಲೀಗ್ ಆಡುತ್ತೇವೆ. ಏಪ್ರಿಲ್ ಕೊನೆಗೆ ಶುರುವಾದರೆ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ. ಇಬ್ಬಿಬ್ಬರ ಜೋಡಿ. ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ) ಲೆಕ್ಕ ಹಾಕಿ ಮ್ಯಾಚ್ ಪ್ಲೇ, ಅಂದರೆ ಒಂದೊಂದು ಹೋಲ್‌ಗೂ ಬೇರೆ ಬೇರೆ ಸೋಲು ಗೆಲುವು. ಗೆದ್ದ ಹೋಲ್‌ಗೆ ಒಂದು ಪಾಯಿಂಟ್, ಸಮ ಆದರೆ ಅರ್ಧ. ನನಗಿದು ಮೂರನೇ ವರ್ಷ. ಒಂಬತ್ತು ಹೋಲ್‌ಗೆ ನನ್ನ ಹ್ಯಾಂಡಿಕ್ಯಾಪ್ 11, ಕೋರ್ಸ್ ಪಾರ್ (ನುರಿತವರಿಗೆ ಬೇಕಾಗುವ ಹೊಡೆತಗಳ ಲೆಕ್ಕ) 36.

ಈ ವರ್ಷ ಶುರುವಿನಲ್ಲೇ ಒಂದು ಗುರಿ ಇಟ್ಟುಕೊಂಡೆ. ಪ್ರತಿ ಬುಧವಾರ 45 ಹೊಡೆತದ ಒಳಗೆ ಮುಗಿಸಬೇಕು. ಫೋನಿನಲ್ಲಿ ಬರೆದೂ ಇಟ್ಟೆ. ಇಲ್ಲಿಯವರೆಗೆ ಬಂದದ್ದು 51, 49, 53, 48, 52. ಅದೇ ಕೋರ್ಸ್‌ನಲ್ಲಿ ಶನಿವಾರ ಗೆಳೆಯರ ಜೊತೆ ಆಡಿದರೆ 45, 46 ಬರುತ್ತದೆ. ಅದೇ ಕ್ಲಬ್ಬು, ಅದೇ ಚೆಂಡು, ಅದೇ ನಾನು.

ಕಳೆದ ವಾರದ್ದು ಹೇಳಿದರೆ ನಿಮಗೆ ಅರ್ಥವಾಗುತ್ತದೆ. ಒಂಬತ್ತನೇ ಹೋಲ್‌ಗೆ ಬಂದಾಗ ಎರಡೂ ಜೋಡಿ ಸಮ ಇತ್ತು. ನನ್ನ ಎದುರಾಳಿ 5 ಹೊಡೆದಿದ್ದರು. ನನಗೆ ಆ ಹೋಲ್‌ನಲ್ಲಿ ಒಂದು ಸ್ಟ್ರೋಕ್ (ಹೊಡೆತ) ರಿಯಾಯಿತಿ ಸಿಗುತ್ತಿತ್ತು. ನಾಲ್ಕು ಹೊಡೆತದಲ್ಲಿ ಗ್ರೀನ್ (ಹೋಲ್ ಸುತ್ತಲಿನ ನುಣ್ಣನೆ ಹುಲ್ಲು) ಮೇಲಿದ್ದೆ, ಹೋಲ್‌ಗೆ ನಾಲ್ಕೇ ಅಡಿ. ಒಂದು ಪಟ್‌ನಲ್ಲಿ (ಚೆಂಡು ಉರುಳಿಸುವ ಹೊಡೆತ) ಹಾಕಿದ್ದರೆ ಹೋಲ್ ನಮ್ಮದು, ಎರಡರಲ್ಲಿ ಹಾಕಿದ್ದರೂ ಸಮ. ನಾನು ಮೂರು ಹೊಡೆದೆ. ಮೊದಲನೆಯದು ಮೂರಡಿ ಮುಂದೆ ಓಡಿತು, ವಾಪಸ್ ಬರುವಾಗ ಬಲಕ್ಕೆ ತಪ್ಪಿತು. ಪಟರ್ ಹಿಂದಕ್ಕೆ ತೆಗೆಯುವಾಗ ಬಲಗೈ ನಡುಗಿದ್ದು ನನಗೇ ಕಾಣಿಸಿತು. ನನ್ನ ಜೊತೆಗಾರರು ಏನೂ ಅನ್ನಲಿಲ್ಲ, ಬ್ಯಾಗ್ ಎತ್ತಿಕೊಂಡು ನಡೆದರು. ಮನೆಗೆ ಬಂದ ಮೇಲೂ ಊಟ ಸೇರಲಿಲ್ಲ.

ಗುರಿ ಬದಲಾಯಿಸಬೇಕಾ? ಕೈ ನಡುಗುವುದಕ್ಕೆ ನೀವೆಲ್ಲ ಏನು ಮಾಡುತ್ತೀರಿ? ನಿಜವಾಗಿ ಕೇಳುತ್ತಿದ್ದೇನೆ.

ಮಂಡ್ಯ ಹುಡುಗ

ಅಣ್ಣ, ಇದು ಬರೀ ಆಟ. ಖುಷಿಗೆ ಆಡಿ. ಸ್ಕೋರ್ ನೋಡುವುದನ್ನೇ ಬಿಟ್ಟರೆ ಎಲ್ಲ ಸರಿಹೋಗುತ್ತದೆ.

ಜರ್ಸಿ ಅಕ್ಕ

ಮಂಡ್ಯ ಹುಡುಗ, ನೀನು ಒಳ್ಳೆ ಮನಸ್ಸಿನಿಂದಲೇ ಹೇಳುತ್ತಿದ್ದೀಯ, ಗೊತ್ತು. ಆದರೆ ನಡುಗುತ್ತಿರುವ ಕೈಗೆ "ಇದು ಬರೀ ಆಟ" ಅಂದರೆ ಅದು ಕೇಳುವುದಿಲ್ಲ. ನಾನು ಇಲ್ಲಿ ಹೆಂಗಸರ ಲೀಗ್‌ನಲ್ಲಿ ಏಳು ವರ್ಷದಿಂದ ಆಡುತ್ತಿದ್ದೇನೆ. ಮನಸ್ಸಿಟ್ಟು ಆಡುವವರಿಗೇ ಕೈ ನಡುಗುವುದು. ಮನಸ್ಸಿಡಬೇಡ ಅಂತ ಹೇಳುವುದು ಪರಿಹಾರ ಅಲ್ಲ ಅಲ್ವಾ?

ಪಟಿಂಗ್ ಬಗ್ಗೆ ಸಂಜೆ ಬರೆಯುತ್ತೇನೆ, ಈಗ ಆಫೀಸಿನಲ್ಲಿದ್ದೇನೆ.

ಹಳೇ ಪಟರ್

ನಾನು ಈ ದೇಶಕ್ಕೆ ಬಂದು ಮೂವತ್ತು ವರ್ಷದ ಮೇಲಾಯಿತು. ಈಗ ರಿಟೈರ್ ಆಗಿದ್ದೇನೆ. ಮೂರು ಬೇರೆ ಬೇರೆ ಲೀಗ್‌ಗಳಲ್ಲಿ ಆಡಿದ್ದೇನೆ, ಒಂದರಲ್ಲಿ ಹ್ಯಾಂಡಿಕ್ಯಾಪ್ ಲೆಕ್ಕವನ್ನೂ ನೋಡಿಕೊಂಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ನಿಮ್ಮ 45. ಒಂಬತ್ತು ಹೋಲ್‌ನಲ್ಲೂ ಬೋಗಿ (ಪಾರ್‌ಗಿಂತ ಒಂದು ಹೆಚ್ಚು) ಹೊಡೆದರೆ 45 ಆಗುತ್ತದೆ. ಅಂದರೆ 45ರ ಒಳಗೆ ಅನ್ನುವುದು ಬೋಗಿಗಿಂತ ಒಳ್ಳೆಯ ಆಟ. ನಿಮ್ಮ ಹ್ಯಾಂಡಿಕ್ಯಾಪ್ 11. ಪಾರ್ 36ಕ್ಕೆ 11 ಸೇರಿಸಿದರೆ 47. ಈ 47 ಕೂಡ ನಿಮ್ಮ ಸರಾಸರಿ ಅಲ್ಲ! ಇದನ್ನು ಬಹಳ ಜನ ತಪ್ಪು ತಿಳಿದುಕೊಂಡಿದ್ದಾರೆ. 2020ರಲ್ಲಿ ಬಂದ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್‌ನಲ್ಲಿ ನಿಮ್ಮ ಕೊನೆಯ 20 ಸ್ಕೋರ್ ತೆಗೆದುಕೊಂಡು, ಅದರಲ್ಲಿ ಚೆನ್ನಾಗಿರುವ 8ರ ಸರಾಸರಿ ಮಾತ್ರ ನೋಡುತ್ತಾರೆ. ಉಳಿದ 12 ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ನಾಲ್ಕೈದು ಸಲ ಆಡಿದರೆ ಒಂದು ಸಲ ಹ್ಯಾಂಡಿಕ್ಯಾಪ್ ಮಟ್ಟಕ್ಕೆ ಆಡಿದರೆ ಅದೇ ಸರಿಯಾದ ಆಟ. ನಿಮ್ಮ ಲೀಗ್‌ನಲ್ಲಿ ಬೇರೆ ಸೂತ್ರ ಇರಬಹುದು, ಕೆಲವು ಲೀಗ್‌ಗಳಲ್ಲಿ ಅವರದೇ ಲೆಕ್ಕ ಇರುತ್ತದೆ, ಸೆಕ್ರೆಟರಿಯನ್ನು ಒಂದು ಸಲ ಕೇಳಿ. ಆದರೆ ವಿಷಯ ಇಷ್ಟೇ. ವರ್ಷಕ್ಕೆ ಎರಡು ಮೂರು ಸಲ ಬರುವ ನಿಮ್ಮ ಅತಿ ಒಳ್ಳೆಯ ದಿನವನ್ನು ನೀವು ಪ್ರತಿ ಬುಧವಾರದ ಗುರಿ ಮಾಡಿಕೊಂಡಿದ್ದೀರಿ. ಐದು ವಾರ ಸೋತೆ ಅನ್ನಿಸುವುದು ಸಹಜ.

ಎರಡನೆಯದು ಇನ್ನೂ ಮುಖ್ಯ. ನೀವು ಆಡುತ್ತಿರುವುದು ಮ್ಯಾಚ್ ಪ್ಲೇ. ಅದರಲ್ಲಿ ಒಂದು ಹೋಲ್‌ನಲ್ಲಿ 8 ಹೊಡೆದರೆ ಹೋಗುವುದು ಆ ಒಂದು ಹೋಲ್ ಮಾತ್ರ. ಮುಂದಿನ ಟೀಗೆ (ಹೋಲ್ ಶುರುವಾಗುವ ಜಾಗ) ಹೋದಾಗ ಆ 8 ಅಲ್ಲೇ ಉಳಿಯಬೇಕು. ಆದರೆ ತಲೆಯಲ್ಲಿ 45 ಇಟ್ಟುಕೊಂಡರೆ ಆ 8 ನಿಮ್ಮ ಜೊತೆಗೇ ನಡೆದುಕೊಂಡು ಬರುತ್ತದೆ. "ಈಗ ಉಳಿದದ್ದೆಲ್ಲ ಪಾರ್ ಹೊಡೆಯಬೇಕು" ಅಂತ ಲೆಕ್ಕ ಹಾಕಿ, ಸೇಫ್ ಆದ ಹೈಬ್ರಿಡ್ ಕ್ಲಬ್ ತೆಗೆಯುವ ಜಾಗದಲ್ಲಿ ಅತಿ ದೂರ ಹೊಡೆಯುವ ಡ್ರೈವರ್ ತೆಗೆಯುತ್ತೀರಿ, ಮರದ ಹಿಂದಿನಿಂದ ಪಕ್ಕಕ್ಕೆ ಹೊಡೆಯುವ ಬದಲು ಸಂದಿಯಲ್ಲಿ ತೂರಿಸಲು ನೋಡುತ್ತೀರಿ. ನಿಮ್ಮ ಗುರಿಯೇ ನಿಮ್ಮ ಜೋಡಿಗೆ ವಿರುದ್ಧ ಕೆಲಸ ಮಾಡುತ್ತಿದೆ. ಶನಿವಾರ ಯಾಕೆ 46 ಬರುತ್ತದೆ ಅಂತ ಕೇಳಿದಿರಲ್ಲ, ಶನಿವಾರ ನೀವು ಆ ಲೆಕ್ಕ ಹಾಕುವುದಿಲ್ಲ, ಅಷ್ಟೇ.

ನಾನು ಮಾಡುವುದು ಹೀಗೆ. ಸ್ಕೋರ್ ಕಾರ್ಡ್ ಕೈಗೆ ಬಂದ ತಕ್ಷಣ ನನ್ನ ಸ್ವಂತ ಪಾರ್ ಬರೆದುಕೊಳ್ಳುತ್ತೇನೆ. ನಿಮಗೆ 11 ಸ್ಟ್ರೋಕ್ ಅಂದರೆ ಅತಿ ಕಷ್ಟದ ಎರಡು ಹೋಲ್‌ಗೆ ಎರಡೆರಡು, ಉಳಿದ ಏಳಕ್ಕೆ ಒಂದೊಂದು. ಆ ಉದ್ದದ ಪಾರ್ 4 ನಿಮಗೆ ಪಾರ್ 6. ಚಿಕ್ಕ ಪಾರ್ 3 ನಿಮಗೆ ಪಾರ್ 4. ಎಲ್ಲ ಕೂಡಿಸಿದರೆ 47. ಅಲ್ಲಿ 6 ಹೊಡೆದರೆ ಬೇಜಾರು ಯಾಕೆ, ಅದು ನಿಮ್ಮ ಪಾರ್.

ಇನ್ನು ಪ್ರತಿ ವಾರದ ಗುರಿ. ಅದು ಚೆಂಡು ಎಲ್ಲಿಗೆ ಹೋಯಿತು ಅನ್ನುವುದರ ಮೇಲೆ ನಿಂತಿರಬಾರದು. ಹೊಡೆಯುವ ಮೊದಲು ನಾನು ಏನು ಮಾಡಿದೆ ಅನ್ನುವುದರ ಮೇಲೆ ನಿಂತಿರಬೇಕು. ಚೆಂಡಿನ ಹಿಂದೆ ನಿಂತು ಒಂದು ಸಣ್ಣ ಗುರುತು ಆರಿಸಿಕೊಂಡೆನಾ? ಯಾವ ಕ್ಲಬ್ ಅಂತ ತೀರ್ಮಾನ ಮಾಡಿದ ಮೇಲೆ ಮತ್ತೆ ಅನುಮಾನ ಪಡದೆ ಹೊಡೆದೆನಾ? ಎರಡಕ್ಕೂ ಹೌದು ಅಂದರೆ ಕಾರ್ಡ್‌ನ ಮೂಲೆಯಲ್ಲಿ ಒಂದು ಗೀಟು. ಚೆಂಡು ನೀರಿಗೆ ಹೋದರೂ ಗೀಟು ಗೀಟೇ. ಮನೆಗೆ ಬಂದು ಮೊದಲು ಗೀಟು ಎಣಿಸಿ, ಸ್ಕೋರ್ ಆಮೇಲೆ. ಜ್ಯಾಕ್ ನಿಕ್ಲಾಸ್ ಕೂಡ ಪ್ರತಿ ಹೊಡೆತಕ್ಕೆ ಮುಂಚೆ ಚೆಂಡು ಹೋಗುವ ದಾರಿ, ಬೀಳುವ ಜಾಗ ಎಲ್ಲ ಮನಸ್ಸಿನಲ್ಲಿ ನೋಡಿಕೊಳ್ಳುತ್ತಿದ್ದರು. 18 ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳು) ಗೆದ್ದವರಿಗೆ ಅದು ಬೇಕಾಗಿತ್ತು ಅಂದರೆ ನಮಗೆ ಬೇಡವಾ?

ಬೆಂಗಳೂರು 18

ಹಳೇ ಪಟರ್ ಸರ್, ಹ್ಯಾಂಡಿಕ್ಯಾಪ್ ಲೆಕ್ಕ ಒಪ್ಪಿದೆ. ಆದರೆ ಸ್ಕೋರ್ ಗುರಿ ಬೇಡವೇ ಬೇಡ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ನಾನು ಇಲ್ಲಿ ಬೆಂಗಳೂರಿನಲ್ಲಿ ತಿಂಗಳ ಮೆಡಲ್ ಆಡುತ್ತೇನೆ. ಅದು ಸ್ಟ್ರೋಕ್ ಪ್ಲೇ, ಪ್ರತಿ ಹೊಡೆತವೂ ಲೆಕ್ಕ. ಸ್ಕೋರ್ ನೋಡದೆ ಬರೀ ಗೀಟು ಹಾಕಿಕೊಂಡಿದ್ದರೆ ನನ್ನ ಚಿಪಿಂಗ್ ಕೆಟ್ಟಿದೆ ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆರು ತಿಂಗಳ ಕಾರ್ಡ್‌ಗಳನ್ನು ಮುಂದಿಟ್ಟುಕೊಂಡು ನೋಡಿದಾಗಲೇ ಗೊತ್ತಾಗಿದ್ದು, ಗ್ರೀನ್ ಸುತ್ತ 30 ಗಜದಲ್ಲೇ ನನ್ನ ಅರ್ಧ ಆಟ ಹಾಳಾಗುತ್ತಿತ್ತು.

ಒಂದು ಮಾತು ಮಾತ್ರ ನಿಮ್ಮ ಪರವಾಗಿ ಹೇಳುತ್ತೇನೆ. ನಮ್ಮೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಡಿದ್ದು ನೆನಪಿದೆಯಾ? 2021ರ ಆಗಸ್ಟ್, ಬೆಳಗಿನ ಜಾವ ಎದ್ದು ನೋಡಿದೆವು. ಗಾಲ್ಫ್ ಅಂದರೆ ಏನು ಅಂತ ಗೊತ್ತಿಲ್ಲದ ನಮ್ಮ ಅಮ್ಮ ಕೂಡ ಟಿವಿ ಮುಂದೆ ಕೂತಿದ್ದರು. ವರ್ಲ್ಡ್ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದ ಹುಡುಗಿ, ಜೊತೆಗೆ ಆಡುತ್ತಿದ್ದವರು ಡ್ರೈವರ್‌ನಲ್ಲಿ ಎಷ್ಟೋ ಗಜ ಮುಂದೆ ಹೊಡೆಯುತ್ತಿದ್ದರು. ಆಕೆ ಒಮ್ಮೆಯೂ ಅವರ ದೂರಕ್ಕೆ ಪೈಪೋಟಿ ಕೊಡಲು ಹೋಗಲಿಲ್ಲ. ಅವರಿಗೆ ವೆಜ್ (ಹತ್ತಿರದ ಹೊಡೆತದ ಕ್ಲಬ್) ಸಾಕಾಗುವ ಜಾಗದಲ್ಲಿ ಈಕೆ ಉದ್ದದ ಕ್ಲಬ್ ತೆಗೆದು, ಗ್ರೀನ್‌ಗೆ ಹಾಕಿ, ಪಟ್ ಹಾಕಿ ಹೋಗುತ್ತಿದ್ದಳು. ಬ್ಯಾಗ್ ಹೊತ್ತವರು ಅವರ ತಾಯಿ. 15 ಅಂಡರ್‌ನಲ್ಲಿ (ಪಾರ್‌ಗಿಂತ 15 ಕಡಿಮೆ) ಮುಗಿಸಿ, ಕಂಚಿಗೆ ಒಂದೇ ಸ್ಟ್ರೋಕ್ ಕಡಿಮೆಯಾಗಿ ನಾಲ್ಕನೇ ಸ್ಥಾನ. ಅಂಥ ಒತ್ತಡದಲ್ಲಿ ತನ್ನ ಆಟ ಬಿಟ್ಟು ಬೇರೆಯವರ ಆಟ ಆಡದೇ ಇರುವುದು ಎಷ್ಟು ಕಷ್ಟ ಅಂತ ಆಡಿದವರಿಗೆ ಗೊತ್ತು. ಇವತ್ತಿಗೂ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತದೆ.

ಇನ್ನೊಂದು. ನಮಗೆ ಇಲ್ಲಿ ಬ್ಯಾಗ್ ಹೊರಲು ಕ್ಯಾಡಿ ಇರುತ್ತಾರೆ. ನನ್ನ ಕ್ಯಾಡಿ ಅಣ್ಣ ಪಟ್‌ಗೆ ಮುಂಚೆ "ಎಡಗಡೆ ಒಂದು ಚೆಂಡಿನಷ್ಟು, ನಿಧಾನ" ಅಂತ ಒಂದೇ ಮಾತು ಹೇಳುತ್ತಾನೆ. ಅರ್ಧ ಭಾರ ಅಲ್ಲೇ ಇಳಿಯುತ್ತದೆ. ಅಮೆರಿಕದ ಲೀಗ್‌ಗಳಲ್ಲಿ ನಿಮಗೆ ಆ ದನಿ ಇರುವುದಿಲ್ಲ. ಹಾಗಾಗಿ ನೀವೇ ನಿಮಗೆ ಅಷ್ಟೇ ಚಿಕ್ಕದಾಗಿ ಹೇಳಿಕೊಳ್ಳಿ. ನಾನು ಒಬ್ಬನೇ ಆಡುವಾಗ ಕನ್ನಡದಲ್ಲೇ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ.

ಹಳೇ ಪಟರ್

ಬೆಂಗಳೂರು 18, ಸ್ಕೋರ್ ಬೇಡ ಅಂತ ನಾನು ಹೇಳಿಲ್ಲ. ಸ್ಕೋರ್ ತಿಂಗಳಿಗೊಮ್ಮೆ ನೋಡಿ. ಸೀಸನ್ ಕೊನೆಗೆ ಹ್ಯಾಂಡಿಕ್ಯಾಪ್ 11ರಿಂದ 9ಕ್ಕೆ ಬರಲಿ ಅನ್ನುವುದು ಒಳ್ಳೆ ಗುರಿ. ಆದರೆ ಅದನ್ನು ಕೋರ್ಸ್‌ಗೆ ತೆಗೆದುಕೊಂಡು ಹೋಗಬೇಡಿ, ಕಾರಿನಲ್ಲೇ ಬಿಟ್ಟು ಹೋಗಿ. ಮೆಡಲ್ ಆಡುವವರಿಗೂ ಇದನ್ನೇ ಹೇಳುತ್ತೇನೆ. ಕ್ಯಾಡಿ ವಿಷಯ ಮಾತ್ರ ಬಹಳ ಇಷ್ಟವಾಯಿತು.

ಜರ್ಸಿ ಅಕ್ಕ

ಬಂದೆ. ಪಟಿಂಗ್.

ನಾಲ್ಕಡಿ ತಪ್ಪಿದ್ದಕ್ಕೆ ಊಟ ಬಿಟ್ಟಿರಲ್ಲ, ಒಂದು ವಿಷಯ ತಿಳಿದುಕೊಳ್ಳಿ. ಪಿಜಿಎ ಟೂರ್‌ನಲ್ಲಿ ಆಡುವವರೇ ಎಂಟು ಅಡಿಯಿಂದ ಹಾಕುವುದು ಸುಮಾರು ಅರ್ಧ ಮಾತ್ರ. ಟಿವಿಯಲ್ಲಿ ಹಾಕಿದ್ದನ್ನೇ ತೋರಿಸುವುದರಿಂದ ನಮಗೆ ಗೊತ್ತಾಗುವುದಿಲ್ಲ. 2024ರ ಯುಎಸ್ ಓಪನ್‌ನಲ್ಲಿ ರೋರಿ ಮೆಕ್‌ಇಲ್ರಾಯ್ ಕೊನೆಯ ದಿನ 16ನೇ ಹೋಲ್‌ನಲ್ಲಿ ಎರಡೂವರೆ ಅಡಿ ತಪ್ಪಿಸಿದರು, 18ರಲ್ಲಿ ನಾಲ್ಕಡಿಗೂ ಕಡಿಮೆ ಇದ್ದದ್ದು ತಪ್ಪಿಸಿದರು. ಒಂದೇ ಸ್ಟ್ರೋಕ್‌ನಲ್ಲಿ ಕಪ್ ಹೋಯಿತು. ಮರು ವರ್ಷ ಏಪ್ರಿಲ್‌ನಲ್ಲಿ ಮಾಸ್ಟರ್ಸ್‌ನ 18ನೇ ಹೋಲ್‌ನಲ್ಲಿ ಗೆಲ್ಲುವ ಪಟ್ ಮತ್ತೆ ತಪ್ಪಿತು, ಸುಮಾರು ಐದಡಿ. ಅದೇ ಸಂಜೆ ಅದೇ 18ನೇ ಹೋಲ್‌ಗೆ ವಾಪಸ್ ಹೋಗಿ ಪ್ಲೇಆಫ್‌ನಲ್ಲಿ (ಸಮ ಆದಾಗ ಆಡುವ ಹೆಚ್ಚುವರಿ ಹೋಲ್) ಬರ್ಡಿ, ಅಂದರೆ ಪಾರ್‌ಗಿಂತ ಒಂದು ಕಡಿಮೆ, ಹೊಡೆದು ಗೆದ್ದರು. ನಾನು ಆ ದಿನ ಸೋಫಾದಲ್ಲಿ ಕೂತು ಅತ್ತೆ. ತಪ್ಪಿಸಿದ ಕೈಯಲ್ಲೇ ಹತ್ತು ಇಪ್ಪತ್ತು ನಿಮಿಷದಲ್ಲಿ ಇನ್ನೊಂದು ಪಟ್ ಹಾಕಬಹುದು, ಅದನ್ನು ಕಣ್ಣಾರೆ ನೋಡಿದೆ.

ಈಗ ಕೈ ನಡುಕ. ಸಯಾನ್ ಬೈಲಾಕ್ ಅಂತ ಒಬ್ಬ ಮನಶ್ಶಾಸ್ತ್ರಜ್ಞೆ ಇದ್ದಾರೆ. ಒತ್ತಡದಲ್ಲಿ ಆಟ ಯಾಕೆ ಕೆಡುತ್ತದೆ ಅಂತ ಗಾಲ್ಫ್ ಪಟಿಂಗ್ ಇಟ್ಟುಕೊಂಡೇ ಪ್ರಯೋಗ ಮಾಡಿದವರು. ಆಟ ಬರುವವರು ಪಟ್ ಮಾಡುವಾಗ ತಮ್ಮ ಕೈ ಹೇಗೆ ಹೋಗುತ್ತಿದೆ ಅಂತ ಗಮನಿಸಲು ಹೋದರೆ ಆಟ ಕೆಡುತ್ತದೆ. ಬೇಗ ಹೊಡೆಯಿರಿ ಅಂದರೆ ಅವರಿಗೆ ಅದರಿಂದ ಒಳ್ಳೆಯದೇ ಆಗುತ್ತದೆ. ಹೊಸಬರಿಗೆ ಉಲ್ಟಾ, ಅವರಿಗೆ ನಿಧಾನವಾಗಿ ಗಮನ ಕೊಟ್ಟರೇನೇ ಬರುವುದು. ನೀವು ಮೂರು ವರ್ಷದಿಂದ ಆಡುತ್ತಿದ್ದೀರಿ, ಶನಿವಾರ ನಾಲ್ಕಡಿ ಹಾಕುತ್ತೀರಿ. ಕೈಗೆ ಗೊತ್ತು. ಆ ಒಂಬತ್ತನೇ ಹೋಲ್‌ನಲ್ಲಿ ಚೆಂಡಿನ ಮೇಲೆ ಎಷ್ಟು ಹೊತ್ತು ನಿಂತಿರಿ? ಬಲಗೈ ನಡುಗಿದ್ದು ಕಾಣಿಸಿತು ಅಂದಿರಿ. ಅಂದರೆ ನಿಮ್ಮ ಕಣ್ಣು ಕೈ ಮೇಲಿತ್ತು, ಚೆಂಡಿನ ಮೇಲಲ್ಲ.

ನಾನು ಮಾಡುವುದು ಇಷ್ಟು. ದಾರಿ ನೋಡುವುದೆಲ್ಲ ಹಿಂದೆ ನಿಂತಾಗಲೇ ಮುಗಿಸುತ್ತೇನೆ. ಚೆಂಡಿನ ಪಕ್ಕ ಬಂದ ಮೇಲೆ ಒಂದು ಉದ್ದದ ಉಸಿರು ಹೊರಗೆ. ಹೋಲ್ ಕಡೆ ಒಂದು ನೋಟ, ಚೆಂಡಿನ ಕಡೆ ಒಂದು ನೋಟ, ಹೊಡೆತ. ಮಧ್ಯೆ ಏನೂ ಇಲ್ಲ. ಮೊದಲ ತಿಂಗಳು ಅವಸರ ಅನ್ನಿಸಿತು. ಆಮೇಲೆ ಅದೇ ಸಮಾಧಾನ ಕೊಡತೊಡಗಿತು.

ಪ್ರ್ಯಾಕ್ಟೀಸ್ ಗ್ರೀನ್‌ನಲ್ಲಿ ಒತ್ತಡ ತಂದುಕೊಳ್ಳುವುದೂ ಕಲಿಯಬೇಕು. ಸುಮ್ನೆ ಐವತ್ತು ಚೆಂಡು ಹೊಡೆದರೆ ಏನೂ ಸಿಗುವುದಿಲ್ಲ, ಯಾಕೆಂದರೆ ತಪ್ಪಿದರೆ ಇನ್ನೊಂದು ಚೆಂಡು ಇದೆ ಅಂತ ಕೈಗೆ ಗೊತ್ತು. ನಾನು ಹೋಲ್ ಸುತ್ತ ಮೂರಡಿ ದೂರದಲ್ಲಿ ಎಂಟು ಚೆಂಡು ಇಡುತ್ತೇನೆ. ಎಂಟೂ ಬಿದ್ದರೆ ಮನೆಗೆ. ಒಂದು ತಪ್ಪಿದರೂ ಮೊದಲಿಂದ. ಏಳನೆಯದು ಬಿದ್ದ ಮೇಲೆ ಎಂಟನೆಯದರ ಮುಂದೆ ನಿಂತಾಗ, ಮನೆಯಲ್ಲಿ ಮಗ ಹಸಿದು ಕಾಯುತ್ತಿರುವಾಗ, ಎದೆ ಡವಡವ ಅನ್ನುತ್ತದೆ. ಲೀಗ್‌ನಲ್ಲಿ ಬರುವುದೂ ಅದೇ ಡವಡವ. ಪರಿಚಯ ಆದರೆ ಅಷ್ಟು ಹೆದರಿಸುವುದಿಲ್ಲ.

ಬುಧವಾರದ ಆಟಗಾರ

ಅಕ್ಕ, ಸರ್, ಎಲ್ಲರಿಗೂ ಧನ್ಯವಾದ. ಎರಡು ಸಲ ಓದಿದೆ. ಸ್ವಂತ ಪಾರ್ ಕಾರ್ಡ್ ಬರೆದೂ ಆಯಿತು.

ಆದರೆ ಬರೆಯುತ್ತಾ ಕೂತಾಗ ಒಂದು ಗೊತ್ತಾಯಿತು, ಅದನ್ನು ಹೇಳಿಬಿಡುತ್ತೇನೆ. ನನಗೆ ಸೋಲಿನ ಭಯ ಅಷ್ಟಿಲ್ಲ. ನನ್ನ ಜೊತೆಗಾರರ ಭಯ. ಅವರಿಗೆ ಅರವತ್ತರ ಹತ್ತಿರ, ಆಫೀಸಿನಲ್ಲಿ ನನಗಿಂತ ತುಂಬಾ ಸೀನಿಯರ್. ಲೀಗ್‌ಗೆ ನನ್ನನ್ನು ಕರೆದವರೇ ಅವರು, ಬೇರೆ ಯಾರನ್ನು ಬೇಕಾದರೂ ಜೋಡಿ ಮಾಡಿಕೊಳ್ಳಬಹುದಿತ್ತು. ಪ್ರತಿ ಕೆಟ್ಟ ಹೊಡೆತ ಹೊಡೆದಾಗ ಅವರ ಸಂಜೆ ಹಾಳು ಮಾಡಿದೆ ಅನ್ನಿಸುತ್ತದೆ. ಶನಿವಾರದ ಗೆಳೆಯರ ಹತ್ತಿರ ಹಾಗೆ ಅನ್ನಿಸುವುದಿಲ್ಲ. ಒಂದು ರೌಂಡ್‌ನಲ್ಲಿ ಎಷ್ಟು ಸಲ ಸಾರಿ ಅನ್ನುತ್ತೇನೋ ಲೆಕ್ಕ ಇಲ್ಲ.

ಹಳೇ ಪಟರ್

ಇದನ್ನು ಮೊದಲೇ ಹೇಳಿದ್ದರೆ ನಾನು ಬೇರೆಯದನ್ನೇ ಬರೆಯುತ್ತಿದ್ದೆ. ಈ "ಸಾರಿ" ನಿಲ್ಲಿಸಿ. ಈ ಬುಧವಾರದಿಂದಲೇ.

ನಮ್ಮ ಕಡೆ ಹಿರಿಯರ ಮುಂದೆ ತಪ್ಪಾದರೆ ತಪ್ಪಾಯಿತು ಅನ್ನುವುದು ಮರ್ಯಾದೆ, ಅದು ನಮ್ಮ ರಕ್ತದಲ್ಲೇ ಬಂದಿದೆ. ಆದರೆ ಜೋಡಿ ಆಟದಲ್ಲಿ ನೀವು ಸಾರಿ ಅಂದಾಗಲೆಲ್ಲ ಅವರು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ತಮ್ಮ ಹೊಡೆತದ ಬಗ್ಗೆ ಯೋಚಿಸಬೇಕಾದ ಹೊತ್ತಿನಲ್ಲಿ "ಪರವಾಗಿಲ್ಲ, ಪರವಾಗಿಲ್ಲ" ಅನ್ನಬೇಕು. ಹತ್ತು ಸಲ ಅಂದ ಮೇಲೆ ಯಾರಿಗಾದರೂ ಮಾತು ಮುಗಿಯುತ್ತದೆ. ಬಹುಶಃ ಆ ಒಂಬತ್ತನೇ ಹೋಲ್‌ನಲ್ಲಿ ಅವರು ಸುಮ್ಮನೆ ನಡೆದದ್ದು ಅದಕ್ಕೇ ಇರಬಹುದು. ನೀವು ಅದನ್ನು ಕೋಪ ಅಂದುಕೊಂಡಿರಿ.

ನನ್ನ ಹಳೇ ಜೊತೆಗಾರನೂ ನಾನೂ ಹದಿನಾಲ್ಕು ವರ್ಷ ಒಟ್ಟಿಗೆ ಆಡಿದೆವು. ಎರಡನೇ ವರ್ಷ ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನ ಡಿಕ್ಕಿ ಮೇಲೆ ಕೂತು ಶೂ ಬಿಚ್ಚುವಾಗ ಅವನೇ ಕೇಳಿದ. ನಾನು ಕೆಟ್ಟದಾಗಿ ಹೊಡೆದಾಗ ನಿನಗೆ ನನ್ನ ಮೇಲೆ ಸಿಟ್ಟು ಬರುತ್ತದಾ ಅಂತ. ನನಗೆ ಆಶ್ಚರ್ಯ ಆಯಿತು, ಯಾಕೆಂದರೆ ನಾನು ಅವನ ಬಗ್ಗೆ ಅದೇ ಯೋಚಿಸುತ್ತಿದ್ದೆ. ಆವತ್ತು ಒಂದು ಒಪ್ಪಂದ ಆಯಿತು. ಸಾರಿ ಇಲ್ಲ, ಸ್ವಿಂಗ್ ಬಗ್ಗೆ ಸಲಹೆ ಇಲ್ಲ. ಒಬ್ಬ ಚೆಂಡು ಕಳೆದುಕೊಂಡರೆ ಇನ್ನೊಬ್ಬ ಸೇಫ್ ಆಗಿ ಆಡಿ ಹೋಲ್ ಉಳಿಸಬೇಕು, ಅಷ್ಟೇ. ಹೋದ ಚಳಿಗಾಲದಲ್ಲಿ ಅವನು ತೀರಿಕೊಂಡ. ಅವನ ಪಟರ್ ಈಗ ನನ್ನ ಬ್ಯಾಗ್‌ನಲ್ಲಿದೆ.

ಹೋಗಿ ಮಾತಾಡಿ. ಆಟ ಮುಗಿದ ಮೇಲಲ್ಲ, ಆಟಕ್ಕೆ ಮುಂಚೆ.

ಮಂಡ್ಯ ಹುಡುಗ

ಮೊದಲು ನಾನು ಎರಡೇ ಸಾಲು ಬರೆದು ಹೋಗಿದ್ದೆ, ಅದು ಸರಿಯಾಗಲಿಲ್ಲ. ನಿಜ ಹೇಳುತ್ತೇನೆ. ಒಹಾಯೋದಲ್ಲಿ ಒಂದು ಲೀಗ್ ಸೇರಿ ಒಂದೇ ಸೀಸನ್‌ಗೆ ಬಿಟ್ಟವನು ನಾನು. ಮೊದಲ ಟೀಯಲ್ಲಿ ಎಲ್ಲರೂ ನಿಂತು ನೋಡುವುದು ತಡೆಯಲಾಗಲಿಲ್ಲ. ಈಗ ಯೋಚಿಸಿದರೆ ನನ್ನ ತಪ್ಪು ಬಹಳ ಚಿಕ್ಕದು. 5:30ರ ಟೀಗೆ 5:27ಕ್ಕೆ ಕಾರಿಂದ ಇಳಿಯುತ್ತಿದ್ದೆ. ಮೀಟಿಂಗ್ ತಲೆಯಲ್ಲಿ, ಹೊಟ್ಟೆ ಖಾಲಿ, ಶೂ ಲೇಸ್ ಕಟ್ಟುತ್ತಾ ಓಡಿ, ನೇರವಾಗಿ ಡ್ರೈವರ್ ತೆಗೆದು ಹೊಡೆಯುತ್ತಿದ್ದೆ. ಅದು ಒತ್ತಡ ಅಲ್ಲ, ಧಾವಂತ.

ಅಣ್ಣ, ನೀವು ಐ-275 ಕಡೆಯಿಂದ ಬರುವವರಾದರೆ ಆ ಟ್ರಾಫಿಕ್ ಗೊತ್ತೇ ಇದೆ. ಬುಧವಾರ ಮಾತ್ರ ಅರ್ಧ ಗಂಟೆ ಮುಂಚೆ ಹೊರಡಿ. ಒಂದು ಬಾಳೆಹಣ್ಣು ತಿನ್ನಿ. ಹತ್ತು ಪಟ್ ಹೊಡೆಯಿರಿ. ಮೊದಲ ಟೀಯಲ್ಲಿ ಹೈಬ್ರಿಡ್.

ಇನ್ನೊಂದು, ಚೆಂಡು ಕಳೆದರೆ ಹುಡುಕಲು ಈಗ ಮೂರೇ ನಿಮಿಷ. 2019ರಿಂದ ಕಳೆದ ಚೆಂಡಿಗೂ ಓಬಿಗೂ (ಕೋರ್ಸ್ ಗಡಿ ದಾಟಿದ ಚೆಂಡು) ವಾಪಸ್ ಹೋಗದೆ ಎರಡು ಪೆನಲ್ಟಿ ಸ್ಟ್ರೋಕ್ ಹಾಕಿಕೊಂಡು ಫೇರ್‌ವೇ ಕಡೆ ಡ್ರಾಪ್ ಮಾಡುವ ಲೋಕಲ್ ರೂಲ್ ಬಂದಿದೆ. ನಿಮ್ಮ ಲೀಗ್‌ನಲ್ಲಿ ಅದು ಇದೆಯಾ ಕೇಳಿ. ಹಿಂದಿನ ಗುಂಪು ಕಾಯುತ್ತಿದೆ ಅನ್ನುವ ಅವಸರ ಅರ್ಧ ಕಡಿಮೆಯಾಗುತ್ತದೆ.

ಬುಧವಾರದ ಆಟಗಾರ

ನಿನ್ನೆ ಆಡಿದೆ. ರಾತ್ರಿಯೇ ಬರೆಯಬೇಕು ಅಂದುಕೊಂಡೆ, ಆದರೆ ಇಲ್ಲಿ ಜೂನ್‌ನಲ್ಲಿ ಒಂಬತ್ತು ಗಂಟೆ ಆದರೂ ಬೆಳಕಿರುತ್ತದೆ, ಮುಗಿದ ಮೇಲೆ ಹೊರಗೇ ಕೂತುಬಿಟ್ಟೆವು.

4:55ಕ್ಕೆ ತಲುಪಿದೆ. ಜೊತೆಗಾರರು ಪ್ರ್ಯಾಕ್ಟೀಸ್ ಗ್ರೀನ್‌ನಲ್ಲಿದ್ದರು. ಹೋಗಿ ನೇರವಾಗಿ ಹೇಳಿದೆ. ನಿಮಗೆ ನನ್ನಿಂದ ತೊಂದರೆ ಆಗುತ್ತಿದೆ ಅನ್ನಿಸುತ್ತದೆ, ಅದೇ ತಲೆಯಲ್ಲಿಟ್ಟುಕೊಂಡು ಆಡಲು ಆಗುತ್ತಿಲ್ಲ ಅಂತ. ಅವರು ಪಟರ್ ಕೆಳಗಿಟ್ಟರು. ಅವರಿಗೆ ಎರಡು ವರ್ಷದಿಂದ ಎಡಗಣ್ಣು ಸರಿಯಾಗಿ ಕಾಣುತ್ತಿಲ್ಲವಂತೆ, ಚೆಂಡು ಎಲ್ಲಿ ಬಿತ್ತು ಅಂತ ನಾನು ನೋಡಿ ಹೇಳುವುದರಿಂದಲೇ ಲೀಗ್ ಮುಂದುವರಿಸಿದ್ದಾರಂತೆ. ಕಳೆದ ವಾರ ಸುಮ್ಮನೆ ನಡೆದದ್ದು ನನಗೆ ಒಬ್ಬನೇ ಇರಬೇಕು ಅನ್ನಿಸಿರಬಹುದು ಅಂದುಕೊಂಡು. ಸಾರಿ ಇಲ್ಲ ಅನ್ನುವ ಒಪ್ಪಂದಕ್ಕೆ ಕೈ ಕುಲುಕಿದರು.

ಸ್ಕೋರ್ 49. ಗೀಟು 34. ನಾಲ್ಕನೇ ಹೋಲ್‌ನಲ್ಲಿ 8 ಹೊಡೆದೆ, ಐದರಲ್ಲಿ ನನ್ನ ಪಾರ್ ಹೊಡೆದೆ. ಮೂರು ಸಲ ಸಾರಿ ಬಾಯಿಗೆ ಬಂತು, ಒಂದು ಸಲ ಹೊರಗೂ ಬಂತು. ಒಂಬತ್ತರಲ್ಲಿ ಮತ್ತೆ ಮೂರಡಿಯ ಪಟ್ ಉಳಿಯಿತು, ಹೋಲ್ ಸಮ ಮಾಡಲು. ಕೈ ನಡುಗಿತು ಅಕ್ಕ, ಇಲ್ಲ ಅನ್ನುವುದಿಲ್ಲ. ಉಸಿರು ಬಿಟ್ಟೆ, "ನೇರ, ಮೆಲ್ಲಗೆ" ಅಂತ ಕನ್ನಡದಲ್ಲಿ ಹೇಳಿಕೊಂಡೆ, ನೋಡಿದೆ, ಹೊಡೆದೆ. ಎಡ ಅಂಚಿಗೆ ತಾಗಿ ಒಳಗೆ ಬಿತ್ತು. ಒಟ್ಟು ಪಾಯಿಂಟ್‌ನಲ್ಲಿ ಒಂದರಿಂದ ಸೋತೆವು.

ಮುಂದಿನ ವಾರದ ಜೋಡಿ ಲೀಗ್‌ನಲ್ಲೇ ಮೇಲಿರುವವರು. ನನ್ನ ಎದುರಾಳಿಯ ಹ್ಯಾಂಡಿಕ್ಯಾಪ್ 4, ನನಗೆ ಏಳು ಸ್ಟ್ರೋಕ್ ಸಿಗುತ್ತದೆ. ಯಾವ ಏಳು ಹೋಲ್ ಅಂತ ಈಗಲೇ ಗುರುತು ಹಾಕಿಕೊಂಡೆ.

ಜರ್ಸಿ ಅಕ್ಕ

34! ಮೊದಲ ವಾರಕ್ಕೆ ನನಗೆ ಇಷ್ಟು ಬಂದಿರಲಿಲ್ಲ. ಎಂಟು ಚೆಂಡಿನದು ಶುರು ಮಾಡಿದಿರಾ?

ಬುಧವಾರದ ಆಟಗಾರ

ಇವತ್ತು ಸಂಜೆ ಹೋಗುತ್ತಿದ್ದೇನೆ ಅಕ್ಕ. ಮನೆಯಲ್ಲಿ ಊಟ ತಡ ಅಂತ ಹೇಳಿಯೇ ಹೊರಟಿದ್ದೇನೆ.

ಹಳೇ ಪಟರ್

ಬುಧವಾರ ನಿಮ್ಮ ಕಡೆ ಮಳೆ ಅಂತ ತೋರಿಸುತ್ತಿದೆ. ಎರಡನೇ ಗ್ಲೌಸ್ ಇಟ್ಟುಕೊಳ್ಳಿ, ನಿಮ್ಮ ಜೊತೆಗಾರರಿಗೂ ಒಂದು.